ಬೆಡ್ ಇಲ್ಲ

ಬೆಳ್ತಂಗಡಿಯ ಸಂಬಂಧಿಕರೊಬ್ಬರನ್ನು ಆಂಬುಲೆನ್ಸ್‌ನಲ್ಲಿ ಹಾಕಿಕೊಂಡು ರಾತ್ರೋರಾತ್ರಿ ಮಂಗಳೂರಿಗೆ ಹೋಗಿದ್ದೆ. ಸುಮಾರು 60 ಕಿಲೋಮೀಟರ್ ದಾರಿ. ಬಂಟ್ವಾಳ ದಾಟೋಷ್ಟರಲ್ಲಿ ನನ್ನ ಅರ್ಧ ಜೀವವೇ ಹೋಗಿತ್ತು. ಆಸ್ಪತ್ರೆ ಬಾಗಿಲಲ್ಲಿ ಕೇಳಿದ್ದು ಎರಡೇ ಪದ, "ಬೆಡ್ ಇಲ್ಲ." ಯಾವ ಆಸ್ಪತ್ರೆ ಅಂತ ಕೇಳಬೇಡಿ ವೀಕ್ಷಕರೇ. ಆ ರಾತ್ರಿ ಕ್ಯಾಶುವಾಲ್ಟಿಯ ಕಾರಿಡಾರಿನಲ್ಲೇ ಸ್ಟ್ರೆಚರ್ ಮೇಲೆ ಮಲಗಿಸಿದ್ವಿ.

ಈ ಎರಡು ಪದಗಳ ಹಿಂದೆ ಒಂದು ಇತಿಹಾಸ ಇದೆ. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೃಷಿ ಕೂಲಿಕಾರ ರೈಲಿನಿಂದ ಬಿದ್ದ. ತಲೆಗೆ ಪೆಟ್ಟು. ಸರ್ಕಾರಿ ಆಸ್ಪತ್ರೆಯಿಂದ ಸರ್ಕಾರಿ ಆಸ್ಪತ್ರೆಗೆ ಅಲೆದರೂ ಒಳಗೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಉಳಿಸಿದ್ದು ಖಾಸಗಿ ಆಸ್ಪತ್ರೆ. ಆತನ ಸಂಘ ಸುಪ್ರೀಂ ಕೋರ್ಟಿಗೆ ಹೋಯ್ತು. 1996ರ ತೀರ್ಪು ಹೇಳಿದ್ದೇನು ಗೊತ್ತಾ? ತುರ್ತು ಚಿಕಿತ್ಸೆ ಕೊಡದಿದ್ದರೆ ಅದು 21ನೇ ವಿಧಿಯ ಉಲ್ಲಂಘನೆ. ಎಲ್ಲಿ ಬೆಡ್ ಖಾಲಿ ಇದೆ ಅಂತ ತಿಳಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆಯೂ ಇರಬೇಕು. ಇದು ವಾಟ್ಸ್ಆ್ಯಪ್ ಹುಟ್ಟೋದಕ್ಕೂ ಮೊದಲಿನ ಮಾತು ಸ್ವಾಮಿ!

ನಮ್ಮ ಕಡೆ ಬನ್ನಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿ ಜೀವಕ್ಕೆ ಅಪಾಯ ಅಂದರೂ ಕೊನೆಗೆ ಗಾಡಿ ತಿರುಗೋದು ಮಂಗಳೂರಿನತ್ತ. 1848ರಲ್ಲಿ ಶುರುವಾದ ವೆನ್ಲಾಕ್ ಇವತ್ತಿಗೂ ಬಡವರ ಆಸರೆ. 2020ರಲ್ಲಿ ಅದನ್ನು ಪೂರ್ತಿ ಕೋವಿಡ್ ಆಸ್ಪತ್ರೆ ಮಾಡಿದಾಗ ಅಲ್ಲಿದ್ದ ಬೇರೆ ರೋಗಿಗಳನ್ನು ಖಾಸಗಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಸಾಗಿಸಿದರು. ಅಂದ್ರೆ ಏನಾಯ್ತು? ಬೇಕು ಅಂದಾಗ ಬೆಡ್ ಸಿಕ್ತು. ಅದೇ ಹೊತ್ತಿಗೆ ತಲಪಾಡಿ ಗಡಿಯಲ್ಲಿ ಕಾಸರಗೋಡಿನ ಆಂಬುಲೆನ್ಸ್‌ಗಳನ್ನು ತಡೆದದ್ದೂ ನಾವೇ. ಅದನ್ನು ಮರೆಯೋ ಹಾಗಿಲ್ಲ.

ಕ್ಯಾಶುವಾಲ್ಟಿ ತುಂಬೋದಕ್ಕೆ ಸಣ್ಣ ಜ್ವರದವರು ಬಂದು ಕೂರೋದೇ ಕಾರಣ ಅಂತ ನಾನೂ ನಂಬಿದ್ದೆ. ಅದು ಅರ್ಧ ಸತ್ಯ. ಯಾರನ್ನು ಮೊದಲು ನೋಡಬೇಕು ಅನ್ನೋದನ್ನು ನೆಪೋಲಿಯನ್ನನ ಸೇನಾ ವೈದ್ಯ ಲಾರೇ ಇನ್ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟ: ಪದವಿ ನೋಡಬೇಡ, ಗಾಯ ನೋಡು. ಆದರೆ ನೋಡಿ ಆದ ಮೇಲೆ ರೋಗಿ ಎಲ್ಲಿಗೆ ಹೋಗಬೇಕು? ತುಂಬೆ ಡ್ಯಾಂ ಗೇಟು ಹಾಕಿದರೆ ನೇತ್ರಾವತಿ ನೀರು ಹಿಂದಕ್ಕೆ ನಿಂತು ಮೇಲಿನ ತೋಟಕ್ಕೆ ನುಗ್ಗುತ್ತೆ, ಬಂಟ್ವಾಳದವರಿಗೆ ನಾನು ಹೇಳಬೇಕಾ? ವಾರ್ಡು ಖಾಲಿಯಾಗದಿದ್ದರೆ ರೋಗಿಗಳು ನಿಲ್ಲೋದು ಕ್ಯಾಶುವಾಲ್ಟಿಯಲ್ಲೇ.

ನಮಗೆ ಬೆಡ್ ಸಿಕ್ಕಿದ್ದು ಮರುದಿನ ಹನ್ನೊಂದು ಗಂಟೆಗೆ. ಎದ್ದು ಹೋಗುತ್ತಿದ್ದ ಹಿರಿಯರು ಚೀಲ ಕಟ್ಟುತ್ತಾ ಹೇಳಿದರು, "ನಿನ್ನೆ ಸಂಜೆಯೇ ಡಾಕ್ಟ್ರು ಮನೆಗೆ ಹೋಗಿ ಅಂದಿದ್ರು ಮಾರಾಯ್ರೆ. ಬಿಲ್ಲು ಆಗ್ಲಿಲ್ಲ."