ಅಂಚೆಯವನು ತಂದ ನಮೂನೆ

1936ರ ನವೆಂಬರ್ 16ರಂದು ಅಮೆರಿಕದ ಊರೂರುಗಳಲ್ಲಿ ಕಾರ್ಖಾನೆ, ಅಂಗಡಿ, ಹೋಟೆಲುಗಳ ಮಾಲೀಕರಿಗೆ ಅಂಚೆಯ ಮೂಲಕ ಒಂದು ಸರ್ಕಾರಿ ನಮೂನೆ ಹೋಗತೊಡಗಿತು. ಅದರ ಹೆಸರು ಎಸ್ಎಸ್-4. ತುಂಬಿ ಕೊಟ್ಟವರ ವ್ಯವಹಾರಕ್ಕೆ ಒಂದು ಗುರುತಿನ ಸಂಖ್ಯೆ ಸಿಗುತ್ತಿತ್ತು. ಹಿಂದಿನ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದ ಸಾಮಾಜಿಕ ಭದ್ರತಾ ಕಾಯ್ದೆಯ ಪ್ರಕಾರ, 1937ರ ಜನವರಿಯಿಂದ ಸಂಬಳದ ಶೇ 1ರಷ್ಟನ್ನು ಕಾರ್ಮಿಕನೂ ಅಷ್ಟನ್ನೇ ಮಾಲೀಕನೂ ಕಟ್ಟಬೇಕಿತ್ತು. ಯಾರು ಯಾರ ಬಳಿ ದುಡಿಯುತ್ತಾರೆಂದು ತಿಳಿಯದೆ ಮುಪ್ಪಿನ ಪಿಂಚಣಿಯ ಲೆಕ್ಕ ಇಡುವುದು ಹೇಗೆ?

ಈ ಕಾಯ್ದೆಯನ್ನು ಜಾರಿಗೆ ತರಬೇಕಿದ್ದ ಹೊಸ ಸಾಮಾಜಿಕ ಭದ್ರತಾ ಮಂಡಳಿಗೆ ದೇಶವಿಡೀ ಕಚೇರಿಗಳಿರಲಿಲ್ಲ. ಅಂಚೆ ಇಲಾಖೆಗೆ ಸುಮಾರು 45,000 ಕಚೇರಿಗಳಿದ್ದವು. ಬೀದಿಯ ಪ್ರತಿ ಅಂಗಡಿಯನ್ನೂ ಬಲ್ಲವರು ಅಂಚೆಯವರೇ, ಹಾಗಾಗಿ ಕೆಲಸ ಅವರ ಪಾಲಿಗೆ ಬಂತು. ನಮೂನೆಯಲ್ಲಿ ಒಂದು ಮುಖ್ಯ ಪ್ರಶ್ನೆಯಿತ್ತು: ನಿಮ್ಮಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ? ಮಾಲೀಕ ಬರೆದ ಆ ಸಂಖ್ಯೆಯನ್ನು ನೋಡಿಕೊಂಡೇ, ನವೆಂಬರ್ 24ರಿಂದ ಕಾರ್ಮಿಕರಿಗೆ ಎಸ್ಎಸ್-5 ಎಂಬ ಇನ್ನೊಂದು ನಮೂನೆಯನ್ನು ಹಂಚಿದರು. ಹೀಗೆ ಅಂಚೆಯ ಮೂಲಕವೇ ಮೂರೂವರೆ ಕೋಟಿಗೂ ಹೆಚ್ಚು ಜನರಿಗೆ ಸಾಮಾಜಿಕ ಭದ್ರತಾ ಕಾರ್ಡುಗಳು ಸಿಕ್ಕವು. ವ್ಯವಹಾರದ ಅರ್ಜಿಗೂ ಉದ್ಯೋಗದ ಲೆಕ್ಕಕ್ಕೂ ನಂಟು ಬೆಳೆದದ್ದು ಅಂದಿನಿಂದ.

ಮುಂದೆ ಎಸ್ಎಸ್-4 ತೆರಿಗೆ ಇಲಾಖೆಯ ಕಾಗದವಾಗಿ ದಶಕಗಳನ್ನು ಕಳೆಯಿತು. ಆಳುಕಾಳು ಇಟ್ಟುಕೊಳ್ಳುವವರೆಲ್ಲ ಅದನ್ನು ಸಲ್ಲಿಸಲೇಬೇಕಿತ್ತು. ಆದರೂ ಯಾವ ಊರಲ್ಲಿ ಹೊಸ ಕೆಲಸ ಹುಟ್ಟುತ್ತಿದೆಯೆಂದು ಅದರಿಂದ ಊಹಿಸಬಹುದೆಂಬುದನ್ನು ಅರ್ಥಶಾಸ್ತ್ರಜ್ಞರು ಒರೆಗೆ ಹಚ್ಚಿ ನೋಡಿದ್ದು ತೀರಾ ಈಚೆಗೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾನ್ ಹಾಲ್ಟಿವಾಂಗರ್ ಮತ್ತು ಜನಗಣತಿ ಬ್ಯೂರೋದ ಸಂಶೋಧಕರು ಕೂಡಿ ಮಾಡಿದ ಕೆಲಸದ ಫಲವಾಗಿ 2018ರಲ್ಲಿ ಅರ್ಜಿಗಳ ಅಂಕಿಅಂಶ ಹೊರಬಿತ್ತು. ಬಹುಪಾಲು ಅರ್ಜಿದಾರರು ಒಬ್ಬ ನೌಕರನನ್ನೂ ನೇಮಿಸುವುದಿಲ್ಲ. ಅದಕ್ಕೇ ಸಂಶೋಧಕರು ಕಂಪನಿಯಾಗಿ ನೋಂದಾಯಿಸಿಕೊಂಡವರನ್ನು, ಮೊದಲ ಸಂಬಳ ಕೊಡುವ ದಿನಾಂಕ ಬರೆದವರನ್ನು, ತಯಾರಿಕೆ, ಆರೋಗ್ಯ ಸೇವೆಯಂಥ ಕೆಲವು ವಲಯಗಳಿಗೆ ಇಳಿದವರನ್ನು ಬೇರೆಯಾಗಿ ಎಣಿಸಿದರು. ಸಲ್ಲಿಸಿದ ಅರ್ಜಿ ಎಂಟು ತ್ರೈಮಾಸಿಕಗಳೊಳಗೆ ಸಂಬಳ ಕೊಡುವ ಸಂಸ್ಥೆಯಾಯಿತೇ ಎಂದು ಬೆನ್ನು ಹತ್ತಿ ನೋಡಿದರು. ಈ ಬೆನ್ನು ಹತ್ತುವಿಕೆಯೇ ಇಡೀ ಲೆಕ್ಕದ ಪ್ರಾಣ.

ಅದಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಭಾರತದ ಅನುಭವವೇ ಸಾಕ್ಷಿ. 1978ರಿಂದ ಬೆಳೆದುಬಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಸಣ್ಣ ಉದ್ದಿಮೆದಾರನಿಗೆ ಮೊದಲು ತಾತ್ಕಾಲಿಕ ನೋಂದಣಿ, ಉತ್ಪಾದನೆ ಶುರುವಾದ ಮೇಲೆ ಕಾಯಂ ನೋಂದಣಿ ಸಿಗುತ್ತಿತ್ತು. 2001-02ರ ಗಣತಿಯಲ್ಲಿ ಕಾಯಂ ನೋಂದಣಿಯಿದ್ದ 22.62 ಲಕ್ಷ ಘಟಕಗಳನ್ನು ಹುಡುಕಿ ಹೋದಾಗ ಶೇ 39ರಷ್ಟು ಮುಚ್ಚಿಹೋಗಿದ್ದವು. ಕಡತದಲ್ಲಿ ಮಾತ್ರ ಅವು ಜೀವಂತವಾಗಿದ್ದವು. ಅಂಥ ಪಟ್ಟಿಯನ್ನು ನಂಬಿ ಜಿಲ್ಲೆಯ ಉದ್ಯೋಗವನ್ನು ಅಂದಾಜು ಮಾಡಿದರೆ, ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಮೋಸವಾಗುತ್ತದೆ.

ಅಮೆರಿಕದ ಅಂಕಿಗಳ ನಿಜವಾದ ಪರೀಕ್ಷೆ ನಡೆದದ್ದು ಕೋವಿಡ್ ಕಾಲದಲ್ಲಿ. 2020ರ ವಸಂತದಲ್ಲಿ ಅರ್ಜಿಗಳು ಕುಸಿದವು, ಬೇಸಿಗೆಯಲ್ಲಿ ಯಾರೂ ಎಣಿಸದಷ್ಟು ಏರಿದವು. 2019ರಲ್ಲಿ ಸುಮಾರು 35 ಲಕ್ಷವಿದ್ದದ್ದು 2021ರಲ್ಲಿ 54 ಲಕ್ಷ ತಲುಪಿತು. ಆನ್‌ಲೈನ್ ಮಾರಾಟಕ್ಕಿಳಿದವರ ಪಾಲು ಅದರಲ್ಲಿ ದೊಡ್ಡದು. ಕೆಲಸ ಕಳೆದುಕೊಂಡವರ ಹೊಟ್ಟೆಪಾಡಿನ ಪ್ರಯತ್ನಗಳಷ್ಟೇ ಇವು ಎಂಬ ಅನುಮಾನ ಸಹಜವಾಗಿತ್ತು. ಆದರೆ ಹಾಲ್ಟಿವಾಂಗರ್ ಮತ್ತು ಇನ್ನೊಬ್ಬ ಅರ್ಥಶಾಸ್ತ್ರಜ್ಞ ರಯಾನ್ ಡೆಕರ್ ಉದ್ಯೋಗದ ದಾಖಲೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ, ಅರ್ಜಿ ಹೆಚ್ಚಿದ ವಲಯಗಳಲ್ಲೂ ಪ್ರದೇಶಗಳಲ್ಲೂ ಹೊಸ ಸಂಸ್ಥೆಗಳು, ಅವುಗಳ ಹಿಂದೆ ಹೊಸ ಕೆಲಸಗಳು ಬಂದಿದ್ದವು. ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ ಅರ್ಜಿಗಳ ಏರಿಕೆ ಎದ್ದು ಕಾಣುವಂತಿತ್ತು. ನ್ಯೂಯಾರ್ಕಿನಲ್ಲಿ ಬೇರೆಯೇ ಚಿತ್ರ: ಕಚೇರಿಗಳು ಕಿಕ್ಕಿರಿದ ಮ್ಯಾನ್‌ಹಟನ್‌ನಲ್ಲಿ ಅರ್ಜಿಗಳು ತಗ್ಗಿ, ಸುತ್ತಲಿನ ಕೌಂಟಿಗಳಲ್ಲಿ ಹೆಚ್ಚಿದವು. ಮನೆಯಿಂದಲೇ ಕೆಲಸ ಮಾಡುವವರು ತಮ್ಮ ಬಡಾವಣೆಯಲ್ಲೇ ಊಟ, ಕಾಫಿ ಕೊಳ್ಳತೊಡಗಿದ್ದರಿಂದ ಆ ವ್ಯಾಪಾರವೂ ಅವರ ಹಿಂದೆಯೇ ಹೊರವಲಯಕ್ಕೆ ಹೋಯಿತು.