ಭೂಕುಸಿತದ ಅಪಾಯ ಅಂದಾಜು: ಕರ್ನಾಟಕ ಕರಾವಳಿ

ಯಾವ ಗುಡ್ಡ ಎಂಥ ಮಳೆಗೆ ಜರಿಯಬಹುದು ಎಂದು ಮುಂಚಿತವಾಗಿ ಲೆಕ್ಕ ಹಾಕುವ ವಿದ್ಯೆ. ಮಂಗಳೂರಿನ ಪಂಪ್‌ವೆಲ್ ವೃತ್ತ ಬಿಟ್ಟು ಪೂರ್ವಕ್ಕೆ ಹೊರಟ ಬಸ್ಸು ಬಿ.ಸಿ.ರೋಡ್ ದಾಟಿ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತಬೇಕು, ಇಲ್ಲವೇ ಮಾಣಿಯಲ್ಲಿ ತಿರುಗಿ ಸಂಪಾಜೆ ಘಾಟಿ ಹಿಡಿಯಬೇಕು. ಉತ್ತರಕ್ಕೆ ಹೆದ್ದಾರಿ 66ರಲ್ಲಿ ಹೋದರೆ ಅಂಕೋಲಾದ ಶಿರೂರು ಬರುತ್ತದೆ. 2018ರಿಂದೀಚೆಗೆ ಈ ನಾಲ್ಕೂ ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆ.

ಈ ವಿದ್ಯೆಯ ಹಿರಿಯಣ್ಣ ಹಿಮಕುಸಿತದ ಮುನ್ಸೂಚನೆ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ 1936ರಲ್ಲೇ ಹಿಮದ ಪದರಗಳನ್ನು ಅಗೆದು ನೋಡುವ ಸಂಶೋಧನಾ ಕೇಂದ್ರವಿತ್ತು. ಭಾರತ ಮನಾಲಿಯಲ್ಲಿ 1969ರಲ್ಲಿ ಅಂಥದ್ದೊಂದನ್ನು ತೆರೆಯಿತು. ಐದು ಹಂತಗಳ ಅಪಾಯ ಸೂಚಿಯನ್ನು ಯುರೋಪ್ 1993ರಲ್ಲಿ ಒಪ್ಪಿಕೊಂಡಿತು. ವಸಂತದಲ್ಲಿ ಅಲ್ಲಿನವರು ಗಡಿಯಾರ ನೋಡುತ್ತಾರೆ: ರಾತ್ರಿ ಹೆಪ್ಪುಗಟ್ಟಿದ ಇಳಿಜಾರು ಬೆಳಗ್ಗೆ ಗಟ್ಟಿ, ಬಿಸಿಲೇರಿ ಕರಗಿದ ನೀರು ಒಳಗಿಳಿದರೆ ಸಡಿಲ. ಕರಾವಳಿಯ ಗುಡ್ಡಕ್ಕೆ ಅಂಥ ರಾತ್ರಿಯ ಬಿಡುವಿಲ್ಲ. ಹಗಲಿರುಳೆನ್ನದೆ ಸುರಿದ ನೀರು ಒಳಗೇ ಶೇಖರವಾಗುತ್ತ ಹೋಗುತ್ತದೆ.

ಶೇಖರವಾಗುವುದು ಎಲ್ಲಿ ಎಂಬುದರಲ್ಲೇ ಎಲ್ಲವೂ ಇದೆ. ಇಲ್ಲಿನ ಗುಡ್ಡದ ಮೇಲ್ಪದರ ಮುರಕಲ್ಲು. 1800-01ರಲ್ಲಿ ಕನ್ನಡ ಜಿಲ್ಲೆ, ಮಲಬಾರ್‌ಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಗ್ರಂಥದಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ತೂತುತೂತಾದ ಈ ಕಲ್ಲು ಮಳೆನೀರನ್ನು ಸಲೀಸಾಗಿ ಕೆಳಗೆ ಬಿಡುತ್ತದೆ. ಕೆಳಗಿರುವುದು ಶೇಡಿ ಮಣ್ಣು: ಬಿಳಿ, ಹಳದಿ, ನಸುಗೆಂಪು ಬಣ್ಣದ, ಮುಟ್ಟಿದರೆ ನುಣುಪಾದ ಜೇಡಿ. ಬೇಸಿಗೆಯಲ್ಲಿ ಜೆಸಿಬಿಯಿಂದ ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುತ್ತದೆ. ಗುತ್ತಿಗೆದಾರನಿಗೂ ಮನೆ ಕಟ್ಟುವವನಿಗೂ ಧೈರ್ಯ ಬರುವುದು ಆಗಲೇ. ನೀರು ಕುಡಿದ ಶೇಡಿ ಮಾತ್ರ ತನ್ನ ಬಲವನ್ನೆಲ್ಲ ಬಿಟ್ಟುಕೊಡುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ.

ಅಂದಾಜನ್ನು ದಿನದ ಕೆಲಸವಾಗಿ ಮಾಡಿಕೊಂಡದ್ದು ರೈಲ್ವೆ. 2004ರ ಜೂನ್ 16ರಂದು ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್, ಹಳಿಗೆ ಉರುಳಿದ್ದ ಬಂಡೆಗಳಿಂದಾಗಿ ಮಹಾರಾಷ್ಟ್ರದಲ್ಲಿ ಹಳಿ ತಪ್ಪಿ ಸೇತುವೆಯಿಂದ ಬಿತ್ತು. ಕೊಂಕಣ ರೈಲ್ವೆಯಲ್ಲಿ ಇಂದು ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ, ನಿಲ್ದಾಣಗಳಲ್ಲಿ ಮಳೆಮಾಪಕ, ರಾತ್ರಿಯಿಡೀ ಹಳಿ ಕಾಯುವ ಗಸ್ತು ಎಲ್ಲವೂ ಇವೆ. ಆದರೆ ಕೊಂಕಣ ರೈಲ್ವೆಯ ಗಡಿಯಾಚೆ, 2019ರ ಆಗಸ್ಟ್‌ನಲ್ಲಿ ಪಂಪ್‌ವೆಲ್‌ನಿಂದ ಕೆಲವೇ ಕಿ.ಮೀ. ದೂರದ ಕುಲಶೇಖರದಲ್ಲಿ ಗುಡ್ಡ ಹಳಿಗೆ ಬಂದು ರೈಲು ನಿಂತಿತು.

ಸರ್ಕಾರದ ಕಡೆಯಿಂದ ಮಳೆ ಅಳೆಯುವ ಕೆಲಸ ಚೆನ್ನಾಗಿಯೇ ಬೆಳೆದಿದೆ. ಬರಗಾಲದ ಮೇಲೆ ಕಣ್ಣಿಡಲು 1988ರಲ್ಲಿ ಹುಟ್ಟಿದ ರಾಜ್ಯದ ಕೋಶವೇ ಇಂದು ವಿಕೋಪ ಉಸ್ತುವಾರಿ ಕೇಂದ್ರವಾಗಿ ಗ್ರಾಮ ಪಂಚಾಯಿತಿ ಮಟ್ಟದ ಮಳೆ ಲೆಕ್ಕ ಕೊಡುತ್ತಿದೆ. 24 ಗಂಟೆಯಲ್ಲಿ 204.4 ಮಿ.ಮೀ. ಮೀರಿದರೆ ಹವಾಮಾನ ಇಲಾಖೆಯ ಭಾಷೆಯಲ್ಲಿ ಅದು ಅತ್ಯಂತ ಭಾರೀ ಮಳೆ. ಒಂದು ದಿನದ ಮಳೆ ಸಾಲದು, ಅದು ಎಷ್ಟು ಬಿರುಸಾಗಿ ಎಷ್ಟು ಹೊತ್ತು ಸುರಿಯಿತು ಎಂಬುದನ್ನೂ ನೋಡಬೇಕೆಂದು ಭೂರೂಪ ವಿಜ್ಞಾನಿ ನೆಲ್ ಕೇನ್ 1980ರಲ್ಲಿ ಲೋಕದ ಹಲವು ಕುಸಿತಗಳನ್ನು ಒಟ್ಟಿಟ್ಟು ತೋರಿಸಿದ್ದರು. 2018ರ ಆಗಸ್ಟ್ ನಡುವಿನಲ್ಲಿ ಸಂಪಾಜೆ ಘಾಟಿಯ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಇಳಿದದ್ದೂ ವಾರಗಟ್ಟಲೆ ನೆನೆದ ಮೇಲೆ.

ನಕ್ಷೆಯ ಕೆಲಸ ತಡವಾಗಿ ಬಂತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2014ರಲ್ಲಿ ಕೈಹಾಕಿದ ರಾಷ್ಟ್ರೀಯ ನಕ್ಷೆಯ ಅಳತೆ 1:50,000. ಮನೆಯ ಹಿಂದೆ ಕಡಿದ 10 ಮೀಟರ್ ಬರೆ ಇದರಲ್ಲಿ 0.2 ಮಿ.ಮೀ., ಅಂದರೆ ಕಾಣುವುದೇ ಇಲ್ಲ. ಮಂಗಳೂರಿನ ಆಸುಪಾಸಿನಲ್ಲಿ ಜೀವ ಹೋಗಿರುವುದು ಅಂಥ ಜಾಗಗಳಲ್ಲೇ: 2020ರ ಜುಲೈನಲ್ಲಿ ಗುರುಪುರದ ಬಂಗ್ಲೆಗುಡ್ಡೆ, 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವು. ಎರಡನೆಯದು ಮುಂಗಾರು ಕೇರಳ ಮುಟ್ಟಿ ವಾರವಾಗುವುದರೊಳಗೆ ಆದದ್ದು, ಗುಡ್ಡ ನೆನೆಯಲು ತಿಂಗಳೇ ಬೇಕು ಎನ್ನುವ ಲೆಕ್ಕಕ್ಕೆ ಸಿಗದ್ದು.

ಶಿರೂರಿನ ಗುಡ್ಡ 2024ರ ಜುಲೈ 16ರಂದು ರಸ್ತೆಬದಿಯ ಚಹಾದಂಗಡಿ, ಲಾರಿಗಳ ಸಮೇತ ಗಂಗಾವಳಿ ನದಿಗೆ ಇಳಿಯಿತು. ಮೂರು ದಿನದ ನಂತರ, 19ರಂದು, ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರದ ಉದ್ಘಾಟನೆ. ಅಲ್ಲಿಂದ ಬರುವ ಸೂಚನೆ ಸದ್ಯ ತಾಲೂಕು, ಜಿಲ್ಲೆಯ ಅಳತೆಯದು. ಇಂಥದೇ ಬರೆ ಇವತ್ತು ನಿಲ್ಲುತ್ತದೆಯೇ ಎಂಬುದನ್ನು ಈಗಲೂ ಸ್ಥಳಕ್ಕೆ ಬಂದವರು ಕಣ್ಣಳತೆಯಲ್ಲೇ ಹೇಳುತ್ತಾರೆ: ಮೇಲಿನ ಅಂಚಿನಲ್ಲಿ ಬಿರುಕು, ವಾಲಿದ ವಿದ್ಯುತ್ ಕಂಬ, ಬುಡದಲ್ಲಿ ತಿಳಿಯಾಗಿದ್ದ ಒರತೆ ದಿಢೀರನೆ ಕೆಸರಾಗುವುದು. ಕಂಡರೆ ಮನೆ ಖಾಲಿ ಮಾಡಿಸುವುದು, ತಡೆಗೋಡೆಯ ಮಾತು ಮಳೆ ಬಿಟ್ಟ ಮೇಲೆ.