ಹಾವಿಗೆ ಎಲ್ಲಿ ಉಣಿಸಬೇಕು

ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯ 1849ರಲ್ಲಿ ಹಾವು, ಹಲ್ಲಿ, ಆಮೆಗಳಿಗೆಂದೇ ಒಂದು ಮನೆ ತೆರೆಯಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಆಗ ಹಾವಿನ ಊಟವೆಂದರೆ ಜನ ನೆರೆದು ನೋಡುವ ಪ್ರದರ್ಶನ; ಜೀವಂತ ಮೊಲ, ಪಾರಿವಾಳಗಳನ್ನು ಗಾಜಿನ ಗೂಡಿನೊಳಕ್ಕೇ ಬಿಡುತ್ತಿದ್ದರು. ಬಲಿಯಾಗುವ ಪ್ರಾಣಿಗಾಗಿ ಮರುಗಿ ಹಲವರು ದನಿಯೆತ್ತಿದರು.

1894ರ ಅಕ್ಟೋಬರಿನಲ್ಲಿ ಅಲ್ಲಿ ಒಂದೇ ಗೂಡಿನಲ್ಲಿ ಎರಡು ಬೋವಾ ಹಾವುಗಳಿದ್ದವು. ರಾತ್ರಿಗೆಂದು ಪಾರಿವಾಳ ಇಟ್ಟು ಹೋದರು. ಬೆಳಗಾದಾಗ ಗೂಡಿನಲ್ಲಿ ಒಂದೇ ಹಾವು, ಮೈ ವಿಪರೀತ ಉಬ್ಬಿಕೊಂಡು ಬಿದ್ದಿತ್ತು. ಎರಡೂ ಒಂದೇ ಹಕ್ಕಿಗೆ ಬಾಯಿ ಹಾಕಿರಬೇಕು. ಹಾವಿನ ಹಲ್ಲುಗಳು ಗಂಟಲಿನತ್ತ ಬಾಗಿರುತ್ತವೆ. ಕಚ್ಚಿದ್ದನ್ನು ಬಿಡುವುದು ಕಷ್ಟ, ಒಳಕ್ಕೆಳೆಯುವುದು ಸುಲಭ. ಒಂದು ಇನ್ನೊಂದನ್ನು ನುಂಗಿದ್ದರಲ್ಲಿ ದ್ವೇಷವಿಲ್ಲ, ದುರಾಸೆಯೂ ಇಲ್ಲ. ತಪ್ಪು ಎರಡಕ್ಕೂ ಒಂದೇ ಗೂಡಿನಲ್ಲಿ ಒಟ್ಟಿಗೆ ಉಣಿಸಿದ್ದು.

ಎಲ್ಲಿ ಉಣಿಸಬೇಕೆಂಬುದು ಪ್ರಾಣಿ ಏನು ಕಲಿಯುತ್ತದೆ ಎಂಬುದನ್ನೂ ಅವಲಂಬಿಸಿದೆ. ಸರೀಸೃಪಗಳು ಕಲಿಯುತ್ತವೆ ಎಂದು ಕಣ್ಣೆದುರು ತೋರಿಸಿದವರು ಜೋನ್ ಪ್ರಾಕ್ಟರ್. 1923ರಲ್ಲಿ ಅವರು ಅದೇ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದರು. 1927ರಲ್ಲಿ ತೆರೆದ ಹೊಸ ಕಟ್ಟಡ ಅವರದೇ ಕಲ್ಪನೆ. ಗೂಡಿನ ಒಂದು ಮೂಲೆ ಬೆಚ್ಚಗೆ, ಇನ್ನೊಂದು ತಂಪು, ಎಲ್ಲಿರಬೇಕೆಂಬುದು ಪ್ರಾಣಿಗೇ ಬಿಟ್ಟದ್ದು. 1928ರಲ್ಲಿ ವಿಜ್ಞಾನಿಗಳ ಸಭೆಗೇ ಅವರು ಸುಂಬಾವಾ ಎಂಬ ಕೊಮೊಡೊ ಉಡವನ್ನು ಕರೆತಂದರು. ಅವರು ಮೈ ಸವರುತ್ತಿದ್ದಂತೆಯೇ ಅದು ಅವರ ಕೈಯಿಂದ ಕೋಳಿ, ಮೊಟ್ಟೆ, ಪಾರಿವಾಳ ತಿಂದಿತು. ಪ್ರಾಕ್ಟರ್ 34ನೇ ವಯಸ್ಸಿಗೇ ತೀರಿಕೊಂಡರು. ನನಗೆ ಅವರ ಮೇಲೆ ಅಪಾರ ಗೌರವ.

ಮುಂದೆ ಹಾವು ಮನೆಗಳ ಹಜಾರಕ್ಕೂ ಬಂತು. ಅದರೊಂದಿಗೆ ಒಂದು ರೂಢಿಯೂ ಬಂತು. ಊಟದ ಹೊತ್ತಿಗೆ ಹಾವನ್ನೆತ್ತಿ ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕುವುದು, ತಿಂದ ಮೇಲೆ ಮರಳಿ ಗೂಡಿಗೆ ಬಿಡುವುದು. ಗೂಡಿನಲ್ಲೇ ಉಣಿಸಿದರೆ ಒಳಬರುವ ಕೈಯನ್ನೆಲ್ಲ ಅದು ಊಟವೆಂದುಕೊಂಡು ಕಚ್ಚುತ್ತದೆ ಎಂಬ ಅಂಜಿಕೆ. ಹಾಸಿದ ಮರದ ಹೊಟ್ಟನ್ನೂ ನುಂಗೀತೆಂಬ ಇನ್ನೊಂದು ಭಯ.

ನಮ್ಮ ಮನೆಯಲ್ಲಿರುವುದು ಅಮೆರಿಕ ಮೂಲದ ಕಾರ್ನ್ ಸ್ನೇಕ್. (ನಮ್ಮೂರಿನ ನಾಗರ, ಕೇರೆಗಳನ್ನು ಹೀಗೆ ಸಾಕುವುದು ಭಾರತದ 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಹಾಲು ಕುಡಿಸ್ತೀಯಾ ಎಂದು ಅಮ್ಮ ಫೋನಿನಲ್ಲಿ ಕೇಳುತ್ತಾರೆ. ಯಾವ ಹಾವಿಗೂ ಹಾಲು ಆಹಾರವಲ್ಲ.) ನಾನು ಅದಕ್ಕೆ ಅದರ ಗೂಡಿನಲ್ಲೇ ಉಣಿಸುತ್ತೇನೆ. ಫ್ರೀಜರಿನ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡುತ್ತೇನೆ. ಉಳಿದ ದಿನಗಳಲ್ಲಿ ಬಾಗಿಲು ತೆರೆದಾಗ ಮೊದಲು ಕೊಕ್ಕೆಯ ಕೋಲಿನಿಂದ ಮೈಯನ್ನು ಮೆಲ್ಲಗೆ ಮುಟ್ಟುತ್ತೇನೆ. ಮುಟ್ಟಿದರೆ ಊಟವಿಲ್ಲ ಎಂದು ಅದಕ್ಕೆ ಗೊತ್ತಾಗುತ್ತದೆ. ಬಾಗಿಲು ತೆರೆದಾಗಲೆಲ್ಲ ಇಲಿ ಬಂದರೆ ಮಾತ್ರ ಅದು ಬಾಗಿಲಿಗೂ ಊಟಕ್ಕೂ ಗಂಟು ಹಾಕೀತು. ಕೈಗೆ ಇಲಿಯ ವಾಸನೆ ಅಂಟಿದ್ದರಂತೂ ಯಾವ ಡಬ್ಬಿಯೂ ಕಾಪಾಡದು. ಹೊಟ್ಟು ನುಂಗೀತೆಂಬ ಭಯವಿದ್ದರೆ ಇಲಿಯನ್ನು ಒಂದು ತಟ್ಟೆಯ ಮೇಲೆ ಕೊಟ್ಟರೆ ಸಾಕು.

ಡಬ್ಬಿಯಿಂದ ತೊಂದರೆಯೇ ಹೆಚ್ಚು. ಆಗಷ್ಟೇ ತಿಂದ ಹಾವು ಇನ್ನೂ ಬೇಟೆಯ ಗುಂಗಿನಲ್ಲಿರುತ್ತದೆ, ಎತ್ತಲು ಹೋದ ಕೈಯನ್ನೇ ಕಚ್ಚಬಹುದು. ಅಲುಗಾಡಿಸಿದರೆ ನುಂಗಿದ್ದನ್ನು ಕಕ್ಕುವುದೂ ಉಂಟು. ಅದಕ್ಕೇ ಊಟದ ನಂತರ ಎರಡು ದಿನ ನಾವು ಅದನ್ನು ಮುಟ್ಟುವುದಿಲ್ಲ. ಬಾಲ್ ಪೈಥಾನ್ ಸಾಕುವವರಿಗೆ ಡಬ್ಬಿ ಬೇಡವೆಂದು ಇನ್ನೂ ಒತ್ತಿ ಹೇಳುತ್ತೇನೆ. ಘಾನಾ, ಟೋಗೊ, ಬೆನಿನ್‌ಗಳಲ್ಲಿ ಅದು ಇಲಿಯ ಬಿಲ, ಗೆದ್ದಲಿನ ಹುತ್ತಗಳೊಳಗೆ ಅಡಗಿ ಬಾಳುವ ನಾಚಿಕೆಯ ಹಾವು. ಬೆಳಕು ತುಂಬಿದ ಬೋಳು ಡಬ್ಬಿಗೆ ಹಾಕಿದರೆ ಸುರುಳಿ ಸುತ್ತಿ ತಲೆಯನ್ನು ಒಳಗೆ ಹುದುಗಿಸಿಕೊಂಡುಬಿಡುತ್ತದೆ. ಎದುರಿಗಿಟ್ಟ ಇಲಿಯ ಕಡೆ ನಾಲಗೆಯನ್ನೂ ಚಾಚುವುದಿಲ್ಲ.